ಇಳಿತದ ಹೊತ್ತಿನ ಹಕ್ಕಿಗಳು

ಬ್ರಿಸ್ಬೇನ್, ಆಸ್ಟ್ರೇಲಿಯಾ,
ಅಕ್ಟೋಬರ್ 16

ಪ್ರೀತಿಯ ಅಮ್ಮಾ,

ನಾವೆಲ್ಲ ಇಲ್ಲಿ ಸೌಖ್ಯ. ಶನಿವಾರ ಇಡೀ ದಿನ ಫೋನು ತೆಗೆಯಲಿಲ್ಲ ಎಂದು ನೀನು ಕೇಳಿದಾಗ "ಹಕ್ಕಿ ನೋಡಲಿಕ್ಕೆ ಹೋಗಿದ್ದೆ" ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅದಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಅಪ್ಪನಿಗೂ ಓದಿ ಹೇಳು.

ಹದಿನಾಲ್ಕು ಜನ ಸೇರಿ ವ್ಯಾನಿನಲ್ಲಿ ಹೋದದ್ದು. ಹೆಚ್ಚಿನವರೆಲ್ಲ ಅಪ್ಪನ ಪ್ರಾಯದವರು. ಕರೆದುಕೊಂಡು ಹೋದವರು ಎಪ್ಪತ್ತು ದಾಟಿದ ಒಬ್ಬರು ಟೀಚರಮ್ಮ. ಹೊರಡುವ ಗಂಟೆಯನ್ನು ಅವರು ಉಬ್ಬರ-ಇಳಿತದ ಪಟ್ಟಿ ನೋಡಿ ಇಟ್ಟಿದ್ದರು. ಬೆಳಿಗ್ಗೆ ಏಳಕ್ಕೆ ಪೂರ್ತಿ ಇಳಿತ, ಮಧ್ಯಾಹ್ನ ಒಂದರ ಸುಮಾರಿಗೆ ಉಬ್ಬರ. ಇಳಿತದಲ್ಲಿ ಹಕ್ಕಿಗಳು ಕೆಸರಿನ ಮೇಲೆ ಚದುರಿ ಮೇಯುತ್ತವೆ, ನೀರು ಏರಿದ ಹಾಗೆ ನಿಲ್ಲಲಿಕ್ಕೆ ಜಾಗ ಇಲ್ಲದೆ ಒಂದೇ ಕಡೆ ಬಂದು ಸೇರುತ್ತವೆ. ಇದನ್ನು ಕೇಳಿದಾಗ ನೀನೇ ನೆನಪಾದೆ. ಕೆಸರಿನಲ್ಲಿ ಮರುವಾಯಿ ಚಿಪ್ಪು ಹೆಕ್ಕಲು ಹೊರಡುವಾಗ ನೀನು ಯಾವತ್ತು ಗಡಿಯಾರ ನೋಡಿದ್ದು? ಹುಣ್ಣಿಮೆ ಕಳೆದು ಎಷ್ಟು ದಿನ ಆಯಿತು ಎಂದೇ ಅಲ್ವಾ ನಿನ್ನ ಲೆಕ್ಕ!

ಮೊದಲು ಹೋದದ್ದು ನಡ್ಜೀ ಬೀಚಿಗೆ. ಇದು ಮಾರ್ಟನ್ ಕೊಲ್ಲಿಯ ದಂಡೆ. ಮಲ್ಪೆಯ ಹಾಗೆ ತೆರೆ ಹೊಡೆಯುವ ಸಮುದ್ರ ಇಲ್ಲಿ ಇಲ್ಲ, ಹೊರಗೆ ಅಡ್ಡಕ್ಕೆ ದೊಡ್ಡ ದೊಡ್ಡ ಮರಳಿನ ದ್ವೀಪಗಳು ಉಂಟು. ಇಳಿತದಲ್ಲಿ ನೀರು ದೂರ ಹಿಂದೆ ಸರಿದು ಬರೀ ಕೆಸರು, ಪಕ್ಕದಲ್ಲಿ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡು, ಪೆನ್ಸಿಲ್ ನೆಟ್ಟ ಹಾಗೆ ಮೇಲೆ ನಿಂತ ಬೇರುಗಳು. ವಾಸನೆಯೂ ನಮ್ಮ ಕೆಮ್ಮಣ್ಣು ಹೊಳೆಬದಿಯದ್ದೇ. ಕಣ್ಣು ಮುಚ್ಚಿದರೆ ತೂಗುಸೇತುವೆಯ ಕೆಳಗೆ ನಿಂತ ಹಾಗೆ ಆಯಿತು. ಮೇಲೆ ಗರುಡ ಸುತ್ತುತ್ತಿತ್ತು. ಹೌದು, ನಮ್ಮದೇ ಗರುಡ, ಬಿಳಿ ತಲೆ, ಕೆಂಪು ರೆಕ್ಕೆ! ಕೈ ತಾನಾಗಿಯೇ ಮುಗಿಯಿತು. ಟೀಚರಮ್ಮ ಏಕೆಂದು ಕೇಳಿದರು, ವಿಷ್ಣುವಿನ ವಾಹನ ಎಂದು ಹೇಳಿದೆ. ಅವರು ಅದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಆಮೇಲೆ ಮೂರು ಕಾಲಿನ ದೊಡ್ಡ ದುರ್ಬೀನಿನಲ್ಲಿ ಒಂದು ಹಕ್ಕಿ ತೋರಿಸಿದರು, ಫಾರ್ ಈಸ್ಟರ್ನ್ ಕರ್ಲ್ಯೂ. ವಲಸೆ ಬರುವ ಕಡಲತೀರದ ಹಕ್ಕಿಗಳಲ್ಲಿ ಲೋಕದಲ್ಲೇ ದೊಡ್ಡದು. ಕೆಳಕ್ಕೆ ಬಾಗಿದ ಕೊಕ್ಕು ಒಂದು ಗೇಣಿಗೆ ಸ್ವಲ್ಪವೇ ಕಡಿಮೆ, ಹೆಣ್ಣಿನದ್ದು ಗಂಡಿನದ್ದಕ್ಕಿಂತ ಉದ್ದ. ನಾನು ನೋಡುತ್ತಿದ್ದದ್ದು ಮುಖ ಕೆಸರಿಗೆ ತಾಗುವ ತನಕ ಕೊಕ್ಕು ಇಳಿಸಿ, ಸ್ವಲ್ಪ ತಿರುಗಿಸಿ, ನಿಧಾನ ಎಳೆಯಿತು. ತುದಿಯಲ್ಲಿ ಒಂದು ಏಡಿ. ಅದನ್ನು ಪಟಪಟ ಕೊಡವಿ ಕಾಲುಗಳೆಲ್ಲ ಉದುರಿದ ಮೇಲೆ ನುಂಗಿತು. ನೀನು ಹಿತ್ತಿಲಿನ ಕಲ್ಲಿನ ಮೇಲೆ ಕೂತು ಏಡಿಯ ಕಾಲು ಮುರಿಯುತ್ತಿದ್ದದ್ದು ಕಣ್ಣಿಗೆ ಕಟ್ಟಿತು.

ಈ ಹಕ್ಕಿ ಮರಿ ಮಾಡುವುದು ರಷ್ಯಾದ ಪೂರ್ವಕ್ಕೆ, ಚೀನಾದ ಈಶಾನ್ಯಕ್ಕೆ. ದಾರಿಯಲ್ಲಿ ಚೀನಾ, ಕೊರಿಯಾದ ನಡುವಿನ ಹಳದಿ ಸಮುದ್ರದ ಕೆಸರಿನಲ್ಲಿ ಇಳಿದು ಹೊಟ್ಟೆ ತುಂಬಿಸಿಕೊಳ್ಳಬೇಕು. ಅಲ್ಲಿ ಆ ಕೆಸರನ್ನು ಮನುಷ್ಯರು ಮಣ್ಣು ಹಾಕಿ ಗದ್ದೆ, ಕಾರ್ಖಾನೆ, ಬಂದರು ಮಾಡಿಕೊಂಡರು. ದಕ್ಷಿಣ ಕೊರಿಯಾದ ಸೇಮಾಂಗಮ್ ಎಂಬಲ್ಲಿ 33 ಕಿಲೋಮೀಟರ್ ಉದ್ದದ ಕಡಲಗೋಡೆ ಕಟ್ಟಿ 2006ರಲ್ಲಿ ಅಳಿವೆಯನ್ನೇ ಮುಚ್ಚಿದರು. ದಾರಿಯ ಊಟ ಹೋದ ಮೇಲೆ ಹಕ್ಕಿ ಹೇಗೆ ಬದುಕಬೇಕು? 2015ರಲ್ಲಿ ಆಸ್ಟ್ರೇಲಿಯಾ ಇದನ್ನು ತೀವ್ರ ಅಪಾಯದಲ್ಲಿರುವ ಹಕ್ಕಿಗಳ ಪಟ್ಟಿಗೆ ಸೇರಿಸಿತು. ಆ ದಿನ ನಮಗೆ ಕಂಡದ್ದು ಒಂಬತ್ತು. ಹಿಂದೆ ಇದೇ ಜಾಗದಲ್ಲಿ ಎಣಿಸಿ ಮುಗಿಯುತ್ತಿರಲಿಲ್ಲ ಎಂದು ಹೇಳುವಾಗ ಟೀಚರಮ್ಮನ ಸ್ವರ ಬದಲಾಯಿತು.

ಅಷ್ಟರಲ್ಲಿ ಕಾಂಡ್ಲಾದ ಕಡೆಯಿಂದ ಒಂದು ಸಿಳ್ಳೆ. ಒಂದೇ ಸಮ, ಬೇಗಬೇಗ, ಆರೇಳು ಸಲ. ಅಮ್ಮಾ, ಹೆಸರು ಗೊತ್ತಿರಲಿಲ್ಲ, ಆದರೆ ಆ ಸ್ವರ ನನಗೆ ಗೊತ್ತಿತ್ತು! ನೀನು ಸೊಂಟ ಬಗ್ಗಿಸಿ ಮರುವಾಯಿ ಹೆಕ್ಕುವಾಗ, ನಾನು ಬುಟ್ಟಿ ಹಿಡಿದು ನಿಂತಾಗ, ಕೋಡಿಬೆಂಗ್ರೆಯ ಕಡೆಯಿಂದ ಕೇಳುತ್ತಿದ್ದದ್ದು ಇದೇ. ವಿಂಬ್ರೆಲ್ ಎಂದು ಹೆಸರು. ನಮ್ಮ ಕರಾವಳಿಗೂ ಚಳಿಗಾಲಕ್ಕೆ ಬರುತ್ತದೆ, ಬೇರೆ ದಾರಿಯಲ್ಲಿ, ಮಧ್ಯ ಏಷ್ಯಾದ ಮೇಲಿಂದ. ಇಷ್ಟು ವರ್ಷ ಅದು ನಮ್ಮ ಅಂಗಳದ ಆಚೆಗೇ ಇತ್ತು. ನಾನು ಒಮ್ಮೆಯೂ ತಲೆ ಎತ್ತಿ ನೋಡಲಿಲ್ಲ.

ಊಟ ವ್ಯಾನಿನಲ್ಲೇ ಆಯಿತು. ಮಧ್ಯಾಹ್ನ ಮಾನ್ಲಿ ಬಂದರಿಗೆ ಹೋದೆವು. ಅಲ್ಲಿ ಉಬ್ಬರದ ಹೊತ್ತಿಗೆ ಹಕ್ಕಿಗಳು ನಿಲ್ಲಲೆಂದೇ ಬೇಲಿ ಹಾಕಿ ಬಿಟ್ಟ ಜಾಗ ಉಂಟು. ನೂರಾರು ಗಾಡ್ವಿಟ್‌ಗಳು ಒಂದೇ ಕಾಲಿನಲ್ಲಿ, ಕೊಕ್ಕು ಬೆನ್ನಿನ ಗರಿಯೊಳಗೆ ತುರುಕಿ ನಿದ್ದೆ. ಇವು ಅಲಾಸ್ಕಾದಿಂದ ಬಂದವು. ಇದೇ ಜಾತಿಯ ಒಂದು ಹಕ್ಕಿ, ಹುಟ್ಟಿ ಐದು ತಿಂಗಳಾದದ್ದು, 2022ರಲ್ಲಿ ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ 13,560 ಕಿಲೋಮೀಟರನ್ನು 11 ದಿನಗಳಲ್ಲಿ ಎಲ್ಲೂ ಇಳಿಯದೆ ಹಾರಿತು. ಮೈಗೆ ಕಟ್ಟಿದ ಚಿಕ್ಕ ಯಂತ್ರ ಉಪಗ್ರಹಕ್ಕೆ ಸುದ್ದಿ ಕೊಡುತ್ತಿದ್ದುದರಿಂದ ಇದು ಗೊತ್ತಾದದ್ದು. ಹೊರಡುವ ಮೊದಲು ಮೈಯ ಅರ್ಧ ತೂಕ ಕೊಬ್ಬೇ ಆಗುವಷ್ಟು ತಿನ್ನುತ್ತವೆ, ಆಮೇಲೆ ಜಠರ, ಕರುಳು ಕುಗ್ಗುತ್ತವೆ, ಭಾರ ಕಡಿಮೆ ಆಗಲಿ ಎಂದು.

ನಾವು ನೋಡುತ್ತಿದ್ದಂತೆ ಯಾರದ್ದೋ ನಾಯಿ ಹಗ್ಗ ಬಿಡಿಸಿಕೊಂಡು ಬೇಲಿಯತ್ತ ಓಡಿ ಬೊಗಳಿತು. ಅಷ್ಟೂ ಹಕ್ಕಿಗಳು ಒಮ್ಮೆಲೇ ಎದ್ದವು. ಜೊತೆಯವರು ಕೆಲವರು ಫೋಟೋ ತೆಗೆದರು, ಟೀಚರಮ್ಮ ಮಾತ್ರ ಹಣೆಗೆ ಕೈ ಹಚ್ಚಿ ನಿಂತರು. ಹಾಗೆ ಎದ್ದ ಪ್ರತಿ ಸಲವೂ ಕೂಡಿಟ್ಟ ಕೊಬ್ಬು ಖರ್ಚಾಗುತ್ತದಂತೆ. ಬೆಂಗ್ರೆಯ ಮರಳಿನಲ್ಲಿ ಹಕ್ಕಿ ಹಿಂಡಿನ ನಡುವೆ ಓಡಿ, ಅವು ಹಾರುವುದನ್ನು ನೋಡಿ ನಾನೂ ತಮ್ಮನೂ ಕುಣಿಯುತ್ತಿದ್ದೆವಲ್ಲ. ಅದು ನೆನಪಾಗಿ ಹೊಟ್ಟೆಯಲ್ಲಿ ಸಂಕಟ ಆಯಿತು.

ಮಾರ್ಟನ್ ಕೊಲ್ಲಿಗೆ 1993ರಲ್ಲಿ ರಾಮ್ಸರ್ ಮಾನ್ಯತೆ, ಅಂದರೆ ಮುಖ್ಯವಾದ ಜೌಗು ಜಾಗಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ, ಸಿಕ್ಕಿದೆ. ನಮ್ಮ ಕಡೆ ಅಘನಾಶಿನಿ ಅಳಿವೆಗೆ 2024ರಲ್ಲಿ ಸಿಕ್ಕಿತು. ಸ್ವರ್ಣಾ, ಸೀತಾ ಸೇರುವ ನಮ್ಮ ಅಳಿವೆಗೆ ಅಂಥ ಹೆಸರು ಇಲ್ಲದಿರಬಹುದು, ಆದರೆ ಆ ಕೆಸರು ಉಪಯೋಗ ಇಲ್ಲದ ಜಾಗ ಎಂದು ಯಾರಾದರೂ ಹೇಳಿದರೆ ನೀನು ಸುಮ್ಮನಿರಬೇಡ. ನಮಗೆ ಅನ್ನ ಕೊಟ್ಟದ್ದು ಅದೇ.

ಡಿಸೆಂಬರಿನಲ್ಲಿ ಊರಿಗೆ ಬರುವವರ ಕೈಯಲ್ಲಿ ತಮ್ಮನಿಗೆ ಒಂದು ದುರ್ಬೀನು ಕಳಿಸುತ್ತೇನೆ. ಅದಕ್ಕೆ ಕಾಯುವುದು ಬೇಡ. ಈ ಅಮಾವಾಸ್ಯೆ ಕಳೆದ ಮೇಲೆ ಒಂದು ದಿನ, ನೀರು ಏರುವ ಹೊತ್ತಿಗೆ, ಅಪ್ಪನನ್ನೂ ಕರೆದುಕೊಂಡು ಬೆಂಗ್ರೆಯ ತುದಿಗೆ ಹೋಗು. ಹಕ್ಕಿಗಳ ಹತ್ತಿರ ಹೋಗಬೇಡಿ, ದೋಣಿಗಳ ಈಚೆಗೇ ಕೂತುಕೊಳ್ಳಿ. ಆ ಸಿಳ್ಳೆ ಕೇಳಿದರೆ ಫೋನಿನಲ್ಲಿ ಹಿಡಿದು ಕಳಿಸು, ರಾತ್ರಿ ಎಷ್ಟು ಹೊತ್ತಾದರೂ ಕೇಳುತ್ತೇನೆ.

ಇತಿ ನಿನ್ನ ಮಗಳು