ಮನೆಯಲ್ಲೇ ಇರುವ ಹಿರಿಯರಿಗೂ ದೇವರ ದರ್ಶನ ಸಿಗಲಿ

ಮಾನ್ಯರೇ,

ನಮ್ಮ ಅತ್ತೆಗೆ 71 ವರ್ಷ. ಪ್ರತಿ ಸೋಮವಾರ ಈಶ್ವರನ ಗುಡಿಗೆ ಹೋಗಿ, ತೀರ್ಥ ತೆಗೆದುಕೊಂಡು ಬಂದ ಮೇಲೇ ಅವರ ಊಟ. ಈ ವರ್ಷ (2020) ಮಾರ್ಚ್‌ನಲ್ಲಿ ಕೊರೊನಾದಿಂದ ಲಾಕ್‌ಡೌನ್ ಆದಾಗಿನಿಂದ ಅದು ನಿಂತಿದೆ. ಜೂನ್ 8ರಿಂದ ಗುಡಿಗಳು ತೆರೆದವು, ನಿಜ. ಆದರೆ 65 ದಾಟಿದವರು ಮನೆಯಲ್ಲೇ ಇರಬೇಕು ಅಂತ ಸರ್ಕಾರದ ಸಲಹೆ. ತೀರ್ಥ, ಪ್ರಸಾದ ಕೊಡುವ ಹಾಗೂ ಇಲ್ಲ. ಅತ್ತೆಗೆ ಸಕ್ಕರೆ ಕಾಯಿಲೆ ಬೇರೆ. ಕಳಿಸುವ ಧೈರ್ಯ ನಮಗೂ ಇಲ್ಲ. ಈಗ ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ, ಒಳ್ಳೆ ಸೀರೆ ಉಟ್ಟು, ಗುಡಿಯ ಕಡೆ ಮುಖ ಮಾಡಿ ಜಗಲಿಯಲ್ಲಿ ಕೂರುತ್ತಾರೆ. ಗಂಟೆಯ ಸದ್ದು ಕೇಳಿದ ಮೇಲೇ ಒಳಗೆ ಬರುತ್ತಾರೆ. ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮಕ್ಕಳಿಗೆ ಹೇಗೋ ಹೊತ್ತು ಹೋಗುತ್ತದೆ, ಕ್ರಿಕೆಟ್ ಇದೆ. ಸೆಪ್ಟೆಂಬರ್ 21ರ ರಾತ್ರಿ ದುಬೈನಲ್ಲಿ ನಮ್ಮ ದೇವದತ್ತ ಪಡಿಕ್ಕಲ್ ಮೊದಲ ಐಪಿಎಲ್ ಪಂದ್ಯದಲ್ಲೇ 56 ರನ್ ಹೊಡೆದಾಗ ಅತ್ತೆಯೂ ಚಪ್ಪಾಳೆ ತಟ್ಟಿದರು. ಟಿ.ವಿ.ಯಲ್ಲಿ ರಾಜ್‌ಕುಮಾರ್ ಚಿತ್ರ ಬಂದರಂತೂ ಅಡುಗೆಮನೆಯಿಂದ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ಮದುವೆಯಾಗಿ 16 ವರ್ಷವಾದರೂ ನಾವಿಬ್ಬರೂ ಇಷ್ಟು ಹೊತ್ತು ಒಟ್ಟಿಗೆ ಕೂತಿದ್ದು ಈಗಲೇ.

ದುಬೈನ ಖಾಲಿ ಮೈದಾನದ ಆಟ ಮನೆಗೆ ಬರುತ್ತದೆ ಅಂದಮೇಲೆ ಊರ ಗುಡಿಯ ಪೂಜೆಯೂ ಬರಬಹುದು ಅಲ್ವಾ? ನಮ್ಮ ತಾಲ್ಲೂಕಿನ ಕೇಬಲ್‌ನವರು ದಿನಕ್ಕೆ ಅರ್ಧ ಗಂಟೆ ಅದನ್ನು ತೋರಿಸಲಿ. ಮಸೀದಿ, ಚರ್ಚುಗಳ ಪ್ರಾರ್ಥನೆಯನ್ನೂ ತೋರಿಸಲಿ. ಆ ಮನೆಗಳಲ್ಲೂ ಹಿರಿಯರಿದ್ದಾರೆ. ನವರಾತ್ರಿಗೆ ಮೊದಲೇ ಶುರು ಮಾಡಿದರೆ ತುಂಬಾ ಉಪಕಾರ.

– ಒಬ್ಬ ಗೃಹಿಣಿ, ತಿಪಟೂರು
ಸೆಪ್ಟೆಂಬರ್ 2020