ಉಳಿಸಿಕೊಂಡವರಿಗೂ ಹೊರಡಲು ಬಿಟ್ಟವರಿಗೂ

ಕಳೆದ ಭಾನುವಾರ ಸಂಜೆ ನನ್ನ ಸೈಕಲ್ಲನ್ನು ನಮ್ಮ ಮನೆಯ ಗೋಡೆಗೆ ಒರಗಿಸಿ, ಹಿಂದಿನ ಕ್ಯಾರಿಯರಿನಿಂದ ಚೀಲಗಳನ್ನು ಇಳಿಸದೆ ಹಾಗೆಯೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಹತ್ತೊಂಬತ್ತು ದಿನಗಳ ಹಿಂದೆ ಇದೇ ಸೈಕಲ್ಲನ್ನು ರೈಲಿಗೆ ಹಾಕಿಕೊಂಡು ದೊಡ್ಡಪ್ಪನ ಊರಿಗೆ ಹೋಗಿದ್ದೆ. ಅಲ್ಲಿಂದ ದಾರಿಯಲ್ಲಿ ಸಿಗುವ ನೆಂಟರ ಮನೆಗಳಲ್ಲಿ ತಂಗುತ್ತಾ 1,240 ಕಿಲೋಮೀಟರ್ ತುಳಿದು ಮನೆ ಸೇರಿದೆ. ಹದಿನಾಲ್ಕು ದಿನ ಸವಾರಿ, ಐದು ದಿನ ವಿಶ್ರಾಂತಿ. ಈ ಲೆಕ್ಕವನ್ನು ಕೇಳಿದವರೆಲ್ಲರೂ ನನ್ನ ಕಾಲುಗಳನ್ನು ಹೊಗಳುತ್ತಿದ್ದಾರೆ. ಆ ಹೊಗಳಿಕೆಯಲ್ಲಿ ಹೆಚ್ಚಿನ ಪಾಲು ಬೇರೆಯವರಿಗೆ ಸಲ್ಲಬೇಕಾದದ್ದು ಎಂಬ ಕಾರಣಕ್ಕೆ ಈ ಬರಹ.

ಐವತ್ತು ತುಂಬಿದ ಹೆಂಗಸೊಬ್ಬಳು ಒಂಟಿಯಾಗಿ ಸೈಕಲ್ಲಿನಲ್ಲಿ ಊರೂರು ದಾಟಿ ಬರುತ್ತೇನೆಂದಾಗ ನೆಂಟರು ಮೊದಲು ಹೇಳುವ ಮಾತು ಏನೆಂಬುದು ನನಗೆ ಗೊತ್ತಿತ್ತು. ಹಾಗೆಯೇ ಹೇಳಿದರು ಕೂಡ. ಆದರೆ ಹೇಳಿ ಮುಗಿಸಿದ ಮೇಲೆ ಪ್ರತಿಯೊಬ್ಬರೂ ಕೇಳಿದ ಮುಂದಿನ ಪ್ರಶ್ನೆ ಒಂದೇ: "ನಮ್ಮಲ್ಲಿಗೆ ಯಾವ ದಿನ ಬರುತ್ತೀ?" ಕೆಲವು ವರ್ಷಗಳಿಂದ ಮದುವೆ ಮತ್ತು ಸಾವಿನ ಮನೆಗಳಲ್ಲಿ ಮಾತ್ರ ಒಬ್ಬರನ್ನೊಬ್ಬರು ನೋಡುತ್ತಿದ್ದ ನಮಗೆ ಆ ಪ್ರಶ್ನೆಯೇ ದೊಡ್ಡದಾಗಿತ್ತು.

ಮೊದಲ ಕೃತಜ್ಞತೆ ದೊಡ್ಡಪ್ಪನಿಗೆ. ಮೂವತ್ತು ವರ್ಷ ಕೆಲಸಕ್ಕೆ ಸೈಕಲ್ಲಿನಲ್ಲೇ ಹೋಗಿಬಂದ ಅವರು ಈಗ ಊರುಗೋಲು ಹಿಡಿದು ನಡೆಯುತ್ತಾರೆ. ಹೊರಡುವ ಹಿಂದಿನ ಸಂಜೆ ಅವರು ನನ್ನ ಸೈಕಲ್ಲನ್ನು ತಲೆಕೆಳಗು ಮಾಡಿಸಿ, ಹಿಂದಿನ ಚಕ್ರವನ್ನು ಒಮ್ಮೆ ತಿರುಗಿಸಿ, ಕಡ್ಡಿಗಳನ್ನು ಎರಡೆರಡಾಗಿ ಹಿಸುಕಿ ನೋಡಿದರು. ಕೆಲವು ಕಡ್ಡಿ ಬಿಗಿಯಾಗಿವೆ, ಕೆಲವು ಸಡಿಲವಾಗಿವೆ ಎಂದರು. ಚಕ್ರವನ್ನು ಪ್ರವಾಸಕ್ಕೆಂದೇ ಹೊಸದಾಗಿ ಕಟ್ಟಿಸಿದ್ದೇನೆ, ಏನೂ ಆಗುವುದಿಲ್ಲ ಎಂದು ನಾನು ನಕ್ಕೆ. ಅವರು ನನ್ನೊಡನೆ ವಾದಿಸಲಿಲ್ಲ. ತಮ್ಮ ಹಳೆಯ ಡಬ್ಬಿಯಿಂದ ಕಡ್ಡಿ ಬಿಗಿಮಾಡುವ ಚಿಕ್ಕ ಕೀಲಿಯೊಂದನ್ನು ತೆಗೆದು ನನ್ನ ಚೀಲಕ್ಕೆ ಹಾಕಿ, ಮರುದಿನ ಬೆಳಗ್ಗೆ ಅದೇ ಅಳತೆಯ ಮೂರು ಕಡ್ಡಿಗಳನ್ನು ತರಿಸಿ ಸೈಕಲ್ಲಿನ ಚೌಕಟ್ಟಿಗೆ ಟೇಪಿನಿಂದ ಸುತ್ತಿದರು.

ಮೂರನೆಯ ದಿನ ಮಧ್ಯಾಹ್ನ, ಸೋದರತ್ತೆಯ ಮನೆ ಇನ್ನೂ 38 ಕಿಲೋಮೀಟರ್ ಇರುವಾಗ, ಹಿಂದಿನಿಂದ ತಂತಿ ಹರಿದಂಥ ಸದ್ದಾಯಿತು. ಕಡ್ಡಿಯೊಂದು ಚಕ್ರದ ನಡುವಿನ ಹಬ್ಬಿನ ಹತ್ತಿರ ಬಾಗುವ ಜಾಗದಲ್ಲೇ ಮುರಿದಿತ್ತು. ಸುತ್ತಳತೆ ಎರಡು ಮೀಟರಿಗಿಂತ ತುಸು ಹೆಚ್ಚಿರುವ ನನ್ನ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 460 ಸಲ ಸುತ್ತುತ್ತದೆ. ಪ್ರತಿ ಸುತ್ತಿನಲ್ಲೂ ಪ್ರತಿಯೊಂದು ಕಡ್ಡಿ ನೆಲದ ಕಡೆಗೆ ಬಂದಾಗ ಕ್ಷಣಕಾಲ ಸಡಿಲಗೊಂಡು ಮತ್ತೆ ಬಿಗಿಯುತ್ತದೆ. ಎಲ್ಲ ಕಡ್ಡಿಗಳೂ ಸಮನಾಗಿ ಬಿಗಿಯಾಗಿದ್ದರೆ ಲಕ್ಷಾಂತರ ಸಲ ಹೀಗಾದರೂ ಅವು ತಡೆದುಕೊಳ್ಳುತ್ತವೆ. ಸಡಿಲ ಕಡ್ಡಿಯಾದರೆ, ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ ಒಂದು ದಿನ ಕೈಕೊಡುತ್ತದೆ. ಹದಿನಾರು ಕಿಲೋ ಸಾಮಾನು ಹಿಂದಿನ ಚಕ್ರದ ಮೇಲಿರುವಾಗ ಆ ದಿನ ಬೇಗ ಬರುತ್ತದೆ. ಸಾಮಾನು ಹೇರಿ ನೂರು ಕಿಲೋಮೀಟರನ್ನಾದರೂ ತುಳಿದು ನೋಡಿ, ಚಕ್ರವನ್ನು ಮತ್ತೊಮ್ಮೆ ಬಿಗಿಮಾಡಿಸದೆ ಹೊರಟದ್ದು ನನ್ನದೇ ತಪ್ಪು.

ಮುರಿದದ್ದು ಫ್ರೀವೀಲ್, ಅಂದರೆ ಚೈನು ಕೂರುವ ಹಲ್ಲುಚಕ್ರಗಳು, ಇರುವ ಬಲಬದಿಯ ಕಡ್ಡಿ. ಗೇರಿನ ಹಲ್ಲುಚಕ್ರಗಳಿಗೆ ಜಾಗ ಬೇಕಾಗುವುದರಿಂದ ಆ ಬದಿಯ ಕಡ್ಡಿಗಳನ್ನು ಹೆಚ್ಚು ಕಡಿದಾಗಿಯೂ ಹೆಚ್ಚು ಬಿಗಿಯಾಗಿಯೂ ಕಟ್ಟಿರುತ್ತಾರೆ. ಅಲ್ಲಿ ಹೊಸ ಕಡ್ಡಿ ಹಾಕಬೇಕಾದರೆ ಹಲ್ಲುಚಕ್ರಗಳನ್ನು ಬಿಚ್ಚಬೇಕು, ಅದಕ್ಕೆ ಬೇಕಾದ ಉಪಕರಣ ನನ್ನಲ್ಲಿರಲಿಲ್ಲ. ಹೀಗಾಗಿ ದೊಡ್ಡಪ್ಪ ಕೊಟ್ಟ ಕಡ್ಡಿಗಳು ಕಣ್ಣೆದುರೇ ಇದ್ದರೂ ಆ ಹೊತ್ತಿಗೆ ಉಪಯೋಗಕ್ಕೆ ಬರಲಿಲ್ಲ. ಉಪಯೋಗಕ್ಕೆ ಬಂದದ್ದು ಅವರ ಕೀಲಿ. ಮುರಿದ ಕಡ್ಡಿಯ ಅಕ್ಕಪಕ್ಕದ ಕಡ್ಡಿಗಳನ್ನು ಕಾಲು ಸುತ್ತು, ಅರ್ಧ ಸುತ್ತು ತಿರುಗಿಸಿ ರಿಮ್ಮಿನ ಹೊಯ್ದಾಟವನ್ನು ಒಂದು ಹದಕ್ಕೆ ತಂದು, ಹಿಂದಿನ ಬ್ರೇಕನ್ನು ಸಡಿಲಿಸಿ, ಇಳಿಜಾರುಗಳಲ್ಲಿ ಇಳಿದು ತಳ್ಳುತ್ತಾ ಹೊರಟೆ. ನಾಲ್ಕು ಗಂಟೆಗೆ ಬರುತ್ತೇನೆಂದು ಹೇಳಿದ್ದವಳು ಅತ್ತೆಯ ಮನೆ ಮುಟ್ಟಿದಾಗ ಏಳು ದಾಟಿತ್ತು. ದಾರಿಯಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಮಾವ ಆಗಲೇ ಟಾರ್ಚು ಹಿಡಿದು ರಸ್ತೆಯ ತಿರುವಿನವರೆಗೆ ಮೂರು ಸಲ ಬಂದುಹೋಗಿದ್ದರಂತೆ.

ಅಪರಿಚಿತ ವಸತಿಗೃಹಕ್ಕೆ ತಡವಾಗಿ ಹೋದರೆ ಯಾರಿಗೂ ಏನೂ ಅನಿಸುವುದಿಲ್ಲ. ನೆಂಟರ ಮನೆಗೆ ಹೋಗುವ ಸವಾರಿಯಲ್ಲಾದರೆ ಕಾಯುವವರಿರುತ್ತಾರೆ, ಆ ಕಾಯುವಿಕೆಯ ತೂಕ ಚೀಲಗಳ ತೂಕಕ್ಕಿಂತ ಹೆಚ್ಚು. ಅದು ಸುಸ್ತಾದಾಗ ಮುಂದಕ್ಕೆ ಎಳೆಯುತ್ತದೆ ನಿಜ; ಆದರೆ ಕೊಟ್ಟ ಮಾತು ತಪ್ಪಬಾರದೆಂದು ಕತ್ತಲಲ್ಲೂ ತುಳಿಯುವ ಹಟಕ್ಕೆ ನೂಕುವುದೂ ಅದೇ. ಮಾವ ಆ ರಾತ್ರಿ ನನ್ನನ್ನು ಬೈಯಲಿಲ್ಲ. ಮರುದಿನ ಕುಳ್ಳಿರಿಸಿಕೊಂಡು ಒಂದು ಒಪ್ಪಂದ ಮಾಡಿಸಿದರು: ಇಂಥ ಗಂಟೆಗೆ ಬರುತ್ತೇನೆ ಎಂದು ಯಾರಿಗೂ ಹೇಳಬಾರದು, ಇಷ್ಟರಿಂದ ಇಷ್ಟರ ಒಳಗೆ ಎಂದು ಹೇಳಬೇಕು, ಸೂರ್ಯ ಮುಳುಗುವಾಗ ಎಲ್ಲಿದ್ದೇನೋ ಅಲ್ಲಿಯೇ ಅಂದಿನ ಸವಾರಿ ಮುಗಿಯಬೇಕು, ಸಿಗ್ನಲ್ ಸಿಕ್ಕಲ್ಲೆಲ್ಲ ಒಂದು ಸಂದೇಶ ಹಾಕಬೇಕು. ಉಳಿದ ಹದಿನಾರು ದಿನವೂ ಆ ಒಪ್ಪಂದವನ್ನು ಪಾಲಿಸಿದೆ ಎಂದು ಮಾವನವರಿಗೆ ಇಲ್ಲಿ ಬಹಿರಂಗವಾಗಿ ವರದಿ ಒಪ್ಪಿಸುತ್ತಿದ್ದೇನೆ.

ಆ ಊರಿನ ಸೈಕಲ್ ರಿಪೇರಿಯವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆದರೆ ಅವರಿಗೆ ಮುಜುಗರವಾದೀತು. ಅವರು ಹಲ್ಲುಚಕ್ರ ಬಿಚ್ಚಿ, ದೊಡ್ಡಪ್ಪನ ಮೂರು ಕಡ್ಡಿಗಳಲ್ಲಿ ಒಂದನ್ನು ಹಾಕಿ ಅಷ್ಟಕ್ಕೇ ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡದೆ, ಪ್ರತಿಯೊಂದು ಕಡ್ಡಿಯನ್ನೂ ಬೆರಳಿನಿಂದ ಮೀಟಿ ಅದರ ನಾದವನ್ನು ಕೇಳಿ, ಒಂದೇ ಬದಿಯ ಕಡ್ಡಿಗಳೆಲ್ಲ ಹೆಚ್ಚುಕಡಿಮೆ ಒಂದೇ ಶ್ರುತಿಗೆ ಬರುವವರೆಗೆ ಎರಡು ಗಂಟೆ ಕುಳಿತರು. ಅದಾದ ಮೇಲೆ ಸಾವಿರ ಕಿಲೋಮೀಟರಿನಲ್ಲಿ ಒಂದು ಕಡ್ಡಿಯೂ ಮುರಿಯಲಿಲ್ಲ. ಉಳಿದ ಎರಡು ಕಡ್ಡಿಗಳು ಟೇಪಿನೊಳಗೆ ಹಾಗೆಯೇ ಮನೆಗೆ ಬಂದಿವೆ.

ಅತ್ತೆಯ ಬಗ್ಗೆ ಬರೆಯುವುದು ಕಷ್ಟ. ಹೊರಡುವ ಬೆಳಗ್ಗೆ ಅವರು ಸೈಕಲ್ಲನ್ನು ವ್ಯಾನಿಗೆ ಹಾಕಿಸಿ ನನ್ನನ್ನು ಮನೆಗೆ ಕಳುಹಿಸುವ ಏರ್ಪಾಡು ಮಾಡಿದ್ದರು, ಚಾಲಕನಿಗೂ ಹೇಳಿಯಾಗಿತ್ತು. ನಾನು ಬೇಡವೆಂದಾಗ ಅವರ ಮುಖ ಸಣ್ಣದಾಯಿತು. ಐದು ನಿಮಿಷ ಒಳಗೆ ಹೋಗಿ ಬಂದವರು ಎರಡು ನೀರಿನ ಬಾಟಲಿಗಳನ್ನು ತುಂಬಿ ತಂದು, "ಹೋಗು, ಬೆಳಕಿರುವಾಗಲೇ ಹೋಗು" ಎಂದರು. ಉಳಿಸಿಕೊಳ್ಳುವುದರಲ್ಲಿ ನಮ್ಮ ಮನೆತನದವರೆಲ್ಲರೂ ನಿಪುಣರು. ಮನಸ್ಸಿಲ್ಲದಿದ್ದರೂ ಕಳುಹಿಸಿಕೊಡುವುದನ್ನು ನಾನು ಕಂಡದ್ದು ಅತ್ತೆಯಲ್ಲೇ. ಈ ಬರಹದ ತಲೆಬರಹ ಅವರಿಗೆ ಸೇರಿದ್ದು.

ಅಣ್ಣನ ಮನೆ ತಲುಪುವ ಹೊತ್ತಿಗೆ ಎರಡೂ ಕೈಗಳ ಉಂಗುರದ ಬೆರಳು ಮತ್ತು ಕಿರುಬೆರಳು ಜೋಮು ಹಿಡಿದಿದ್ದವು. ಅಂಗಿಯ ಗುಂಡಿ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ. ಗಂಟೆಗಟ್ಟಲೆ ಹ್ಯಾಂಡಲಿನ ಮೇಲೆ ಭಾರ ಹಾಕಿದರೆ, ಅಂಗೈಯ ಬುಡದಲ್ಲಿ ಕಿರುಬೆರಳಿನ ಕಡೆ ಹಾದುಹೋಗುವ ನರ ಒತ್ತಿಹೋಗುವುದರಿಂದ ಹೀಗಾಗುತ್ತದೆ ಎಂದು ವಿವರಿಸಿದವಳು ಫಿಸಿಯೋಥೆರಪಿ ಓದುತ್ತಿರುವ ಅಣ್ಣನ ಮಗಳು. "ಅತ್ತೆ, ಎರಡು ದಿನ ಹ್ಯಾಂಡಲ್ ಮುಟ್ಟಕೂಡದು" ಎಂದು ಆಜ್ಞೆ ಮಾಡಿ, ಸೈಕಲ್ಲಿನ ಹ್ಯಾಂಡಲನ್ನು ತುಸು ಎತ್ತರಿಸಿ, ಮುಂದಕ್ಕೆ ಬಾಗಿದ್ದ ಸೀಟಿನ ಮೂತಿಯನ್ನು ಮಟ್ಟಸ ಮಾಡಿ, ಪ್ರತಿ ಹತ್ತು ನಿಮಿಷಕ್ಕೊಮ್ಮೆ ಹಿಡಿತ ಬದಲಿಸಬೇಕೆಂದು ಹೇಳಿಕೊಟ್ಟಳು. ಸೀಟು ಮುಂದಕ್ಕೆ ಬಾಗಿದರೆ ಮೈ ಜಾರಿ ಕೈಗಳ ಮೇಲೆ ಭಾರ ಬೀಳುತ್ತದೆಂಬುದು ಇಷ್ಟು ವರ್ಷ ಸೈಕಲ್ ತುಳಿದ ನನಗೆ ಹೊಳೆದಿರಲಿಲ್ಲ. ಕಿರುಬೆರಳಿನ ತುದಿಯಲ್ಲಿ ಈಗಲೂ ಸ್ವಲ್ಪ ಜೋಮಿದೆ, ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದೆ. ಆ ಎರಡು ದಿನ ನನ್ನ ತಲೆ ಬಾಚಿದ ಅತ್ತಿಗೆಗೆ ಯಾವ ಪದದಲ್ಲಿ ಕೃತಜ್ಞತೆ ಹೇಳಲಿ? ನನ್ನ ತಲೆಯನ್ನು ಇನ್ನೊಬ್ಬರು ಬಾಚಿ ನಲವತ್ತು ವರ್ಷಗಳಾಗಿರಬೇಕು.

ಅಲ್ಲಿಂದ ಚಿಕ್ಕಮ್ಮನ ಮನೆಯವರೆಗಿನ ಮೂರು ದಿನ ಎದುರುಗಾಳಿ. ಏರಾದರೆ ಎಲ್ಲೋ ಒಂದು ಕಡೆ ಮುಗಿಯುತ್ತದೆ, ಆಚೆ ಇಳಿಜಾರೂ ಸಿಗುತ್ತದೆ. ಎದುರುಗಾಳಿಗೆ ಅಂಥ ದಾಕ್ಷಿಣ್ಯವಿಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗುವವರಿಗೆ ಅಷ್ಟೇ ವೇಗದ ಗಾಳಿ ಎದುರಾದರೆ ಆ ತಡೆ ನಾಲ್ಕು ಪಟ್ಟಾಗುತ್ತದೆ. ಆಗ ವೇಗ ಇಳಿಸುವುದೊಂದೇ ದಾರಿ. ನಾನು ಇಳಿಸಲಿಲ್ಲ, ತಿನ್ನಲೂ ನಿಲ್ಲಲಿಲ್ಲ. ಫ್ರಾನ್ಸಿನಲ್ಲಿ ಸೈಕಲ್ ಪ್ರವಾಸವನ್ನು ಬೆಳೆಸಿದ ಪಾಲ್ ದ ವಿವಿ ಎಂಬ ಹಿರಿಯರು (1853-1930) ಹಸಿವಾಗುವ ಮೊದಲೇ ತಿನ್ನಬೇಕು, ಬಾಯಾರುವ ಮೊದಲೇ ಕುಡಿಯಬೇಕು ಎಂದು ನಿಯಮಗಳನ್ನೇ ಬರೆದಿಟ್ಟಿದ್ದಾರೆ. ಒಣ ಪ್ರತಿಷ್ಠೆಗಾಗಿ ಎಂದೂ ತುಳಿಯಬಾರದು ಎಂಬುದೂ ಅವುಗಳಲ್ಲಿದೆ. ಮೂರನ್ನೂ ಒಂದೇ ಮಧ್ಯಾಹ್ನ ಮುರಿದೆ. ಸ್ನಾಯುಗಳಲ್ಲಿ ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯಂಶ ಕೆಲವೇ ಗಂಟೆಗಳ ಸವಾರಿಗೆ ಸಾಕಾಗುವಷ್ಟಿರುತ್ತದೆ. ಅದು ಬರಿದಾದಾಗ ಕಾಲುಗಳಿಗಿಂತ ಮೊದಲು ಬುದ್ಧಿ ಮಂಕಾಗುತ್ತದೆ. ರಸ್ತೆಯ ಬದಿಯಲ್ಲಿ ಸೈಕಲ್ ಬೀಳಿಸಿಕೊಂಡು ಕುಳಿತು, ಯಾಕೆ ಅಳುತ್ತಿದ್ದೇನೆಂದು ತಿಳಿಯದೆ ಅತ್ತೆ.

ಲಾರಿ ನಿಲ್ಲಿಸಿ ಇಳಿದು ಬಂದ ಆ ಚಾಲಕರ ಊರು, ಹೆಸರು ಯಾವುದನ್ನೂ ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅವರು ನೀರಿಗೆ ಸಕ್ಕರೆ ಮತ್ತು ಚಿಟಿಕೆ ಉಪ್ಪು ಕಲಸಿ ಕೊಟ್ಟು, ಲಾರಿಯ ನೆರಳಿನಲ್ಲಿ ಕೂರಿಸಿ, ನಾನು ಸರಿಯಾಗಿ ಮಾತನಾಡುವವರೆಗೆ ಮುಕ್ಕಾಲು ಗಂಟೆ ಕಾದರು. ಸೈಕಲ್ಲನ್ನು ಲಾರಿಗೆ ಏರಿಸಿ ಬಿಡುತ್ತೇನೆಂದು ಒಮ್ಮೆ ಕೇಳಿದರು, ಎರಡನೆಯ ಸಲ ಕೇಳಲಿಲ್ಲ. ಈ ಸಾಲುಗಳು ಅವರ ಕಣ್ಣಿಗೆ ಬೀಳುವ ಸಂಭವ ಕಡಿಮೆ. ಆದರೂ ಬರೆಯುತ್ತಿದ್ದೇನೆ. ಆ ವಿಷಯವನ್ನು ಚಿಕ್ಕಮ್ಮನಿಗೆ ನಾನು ಹೇಳಿರಲಿಲ್ಲ. ಚಿಕ್ಕಮ್ಮ, ಇಲ್ಲಿಯೇ ಓದಿಕೊಂಡು ನನ್ನನ್ನು ಕ್ಷಮಿಸಬೇಕು. ಅಂದು ರಾತ್ರಿ ಬಡಿಸುತ್ತಲೇ ಇದ್ದ ನಿಮ್ಮನ್ನು ನಾನು ಒಮ್ಮೆಯೂ ಸಾಕು ಎಂದು ತಡೆಯದಿದ್ದಕ್ಕೆ ಅದೇ ಕಾರಣ.

ತಂಗಿಯ ಮನೆಯಲ್ಲಿ ನಿಂತದ್ದು ಒಂದೂವರೆ ದಿನ. ಅಂಗಳ ತಲುಪಿದ ಕೂಡಲೇ ಮುಂದಿನ ಚಕ್ರದ ಗಾಳಿ ಇಳಿಯಿತು, ಮರ್ಯಾದೆಯಿಂದ ಮನೆಯವರೆಗೆ ಕಾದಿತ್ತೆಂದು ತೋರುತ್ತದೆ. ಪಂಕ್ಚರ್ ಹಾಕುತ್ತೇನೆಂದು ಮುಂದೆ ಬಂದವನು ಅವಳ ಹನ್ನೊಂದು ವರ್ಷದ ಮಗ. ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕಿದ, ಮರಳುಕಾಗದದಿಂದ ಉಜ್ಜಿದ, ಸೊಲ್ಯೂಷನ್ ಹಚ್ಚಿ ಅದರ ಹೊಳಪು ಹೋಗುವವರೆಗೆ ಕೈಕಟ್ಟಿ ಕಾದ. ಆಮೇಲೆ, ನಾನು ಹೇಳಬೇಕೆಂದಿರುವಾಗಲೇ, ಟೈರಿನ ಒಳಮೈಯನ್ನು ಬಟ್ಟೆಯಿಂದ ಸವರುತ್ತಾ ಹೋಗಿ, ಕೂದಲೆಳೆಯಷ್ಟು ಸಣ್ಣ ತಂತಿಯ ಚೂರೊಂದನ್ನು ಕಿತ್ತು ನನ್ನ ಅಂಗೈಯಲ್ಲಿಟ್ಟು, "ದೊಡ್ಡಮ್ಮ, ಇದು ಅಲ್ಲೇ ಇದ್ದಿದ್ದರೆ ನಾಳೆ ಮತ್ತೆ ಪಂಕ್ಚರ್" ಎಂದ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರನ್ನು ಮಾಡಿದ್ದು ತನ್ನ ಚಿಕ್ಕ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಎಂದು ಅವನಿಗೆ ಹೇಳಿದಾಗ, ಹಾಗಾದರೆ ಆ ಹುಡುಗನಿಗೂ ಪಂಕ್ಚರ್ ಹಾಕುವುದನ್ನು ಅಪ್ಪನೇ ಕಲಿಸಿರಬೇಕು ಎಂದು ಬಹಳ ಗಂಭೀರವಾಗಿ ಯೋಚಿಸಿದ. ಅವನಿಗೆ ಪಂಕ್ಚರ್ ಹಾಕುವುದನ್ನು ಕಲಿಸಿದ ಭಾವಮೈದನಿಗೂ ಧನ್ಯವಾದಗಳು ಸಲ್ಲುತ್ತವೆ.

ಮನೆಯಲ್ಲಿ ಅಮ್ಮ ಗೋಡೆಗೆ ನಕ್ಷೆಯೊಂದನ್ನು ಅಂಟಿಸಿಕೊಂಡು, ಪ್ರತಿ ಸಂಜೆ ನನ್ನ ಸಂದೇಶ ಬಂದ ಮೇಲೆ ಅದರ ಮೇಲೊಂದು ಚುಕ್ಕೆ ಇಡುತ್ತಿದ್ದರಂತೆ. ಕಡ್ಡಿ ಮುರಿದ ದಿನದ ಚುಕ್ಕೆ ಸ್ವಲ್ಪ ದೊಡ್ಡದಾಗಿದೆ. ಪೆನ್ನನ್ನು ಬಹಳ ಹೊತ್ತು ಒತ್ತಿ ಹಿಡಿದಿದ್ದಿರಬೇಕು. ನನ್ನ ಪಾಲಿನ ಕೆಲಸಗಳನ್ನೆಲ್ಲ ಹತ್ತೊಂಬತ್ತು ದಿನ ಮಾಡಿ, ಒಮ್ಮೆಯೂ ಅದರ ಪಟ್ಟಿ ಓದದ ನನ್ನ ಮನೆಯವರಿಗೆ ಋಣಿಯಾಗಿದ್ದೇನೆ. ಕೊನೆಯ ಹದಿನೈದು ಕಿಲೋಮೀಟರ್ ನನ್ನನ್ನು ಎದುರುಗೊಳ್ಳಲು ಬಾಡಿಗೆ ಸೈಕಲ್ಲಿನಲ್ಲಿ ಬಂದು, ನನಗಿಂತ ಹೆಚ್ಚು ಏದುಸಿರು ಬಿಡುತ್ತಾ ಜೊತೆಗೆ ತುಳಿದ ಗೆಳತಿಯರಿಬ್ಬರಿಗೂ.

ಇನ್ನು ದೊಡ್ಡಪ್ಪನ ಕೀಲಿಯ ವಿಷಯ. ಅದು ಇನ್ನೂ ನನ್ನ ಚೀಲದಲ್ಲೇ ಇದೆ. ನಿನ್ನೆ ಫೋನು ಮಾಡಿ, ಅಂಚೆಯಲ್ಲಿ ಕಳುಹಿಸಿಬಿಡು, ನನ್ನ ಡಬ್ಬಿಯಲ್ಲಿ ಅದರ ಜಾಗ ಖಾಲಿ ಬಿದ್ದಿದೆ ಎಂದರು. ಕಳುಹಿಸುವುದಿಲ್ಲ, ದೊಡ್ಡಪ್ಪ. ಬೆರಳಿನ ಜೋಮು ಪೂರ್ತಿ ಹೋಗಲಿ, ನಾನೇ ತರುತ್ತೇನೆ. ಸಂಜೆ ಮೂರರಿಂದ ಆರರ ಒಳಗೆ.