ಬಿಟ್ಟುಬಂದ ಕೆಲಸಗಳ ಋಣ

ಮಾನ್ಯರೇ,

ಕೆಲಸ ಬದಲಿಸಿದವರನ್ನು ನಮ್ಮಲ್ಲಿ ‘ಎಲ್ಲೂ ನಿಲ್ಲದವ’ ಅಂತ ತಳ್ಳಿಹಾಕುತ್ತಾರೆ. ನನಗೆ ಮಾತ್ರ ಬಿಟ್ಟುಬಂದ ಕೆಲಸಗಳ ಋಣವೇ ಜಾಸ್ತಿ. ಮುದ್ರಣಕ್ಕೆ ಹೆಸರಾದ ಗದಗಿನ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ, ಅಂದರೆ ಸೀಸದ ಅಕ್ಷರ, ಜೋಡಿಸಲು ಕಲಿತೆ. ಸೀಸದ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ಅದನ್ನು ಹಾಗೇ ಓದಬೇಕು, ಒತ್ತಕ್ಷರ ಬೇರೆ ಹುಡುಕಬೇಕು. ಮದುವೆ ಕಾರ್ಡಿನಲ್ಲಿ ಮುಹೂರ್ತ ತಪ್ಪಿದರೆ ಬೀಗರ ಮುಂದೆ ಯಾರು ನಿಲ್ಲಬೇಕು ಹೇಳಿ! ಕಂಪ್ಯೂಟರ್, ಆಫ್‌ಸೆಟ್ ಬಂದ ಮೇಲೆ ಆ ಕೆಲಸ ಹೋಯಿತು. ಎರಡು ಸಲ ಓದುವ ಚಾಳಿ ಉಳಿಯಿತು.

ಆಮೇಲೆ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಲೆಕ್ಕ ಬರೆದೆ. 2011ರಲ್ಲಿ ಜಿಐ ಟ್ಯಾಗ್ (ಆಯಾ ಪ್ರದೇಶದ ವಿಶೇಷ ಬೆಳೆ ಅನ್ನುವ ಗುರುತು) ಸಿಕ್ಕ ಈ ಕಾಯಿಗೆ ಬೆಲೆ ತರುವುದು ಅದರ ಕಡುಗೆಂಪು ಬಣ್ಣ. ಗಿಡ್ಡ, ದಪ್ಪನೆಯ ಡಬ್ಬಿ ಕಾಯಿ ಯಾವುದು, ಉದ್ದ, ತೆಳ್ಳನೆಯ ಕಡ್ಡಿ ಕಾಯಿ ಯಾವುದು ಅಂತ ಹಮಾಲರು ಕಲಿಸಿದರು, ನಾನು ಸೀನುತ್ತಲೇ ಕಲಿತೆ. ಕಾಯಿ ಮುಟ್ಟಿ ತೇವ ಹೇಳುತ್ತಿದ್ದ ಅವರ ಬಳಿ ಯಾವ ಸರ್ಟಿಫಿಕೇಟೂ ಇರಲಿಲ್ಲ.

ಈಗ ಹುಬ್ಬಳ್ಳಿಯ ಗೋದಾಮೊಂದರಲ್ಲಿದ್ದೇನೆ. ಬಿಲ್ಲಿನ ತಪ್ಪು, ಒದ್ದೆ ಚೀಲ ಎರಡೂ ಬೇಗ ಕಣ್ಣಿಗೆ ಬೀಳುತ್ತವೆ. ಸಂದರ್ಶನಕ್ಕೆ ಬರುವ ಹುಡುಗರು ಅಂಗಡಿ, ಹೋಟೆಲಿನಲ್ಲಿ ದುಡಿದದ್ದನ್ನು ಮುಚ್ಚಿಡುತ್ತಾರೆ. ಕೇಳಿದರೆ ‘ಸುಮ್ನೆ ಅದೆಲ್ಲ ಯಾಕೆ ಸರ್’ ಅನ್ನುತ್ತಾರೆ. ಅರ್ಜಿಯಲ್ಲಿ ಅದನ್ನೇ ಮೊದಲು ಬರೆಯಲಿ. ಕೆಲಸ ಕೊಡುವವರೂ ‘ಯಾಕೆ ಬಿಟ್ಟೆ’ ಅನ್ನುವ ಬದಲು ‘ಅಲ್ಲಿ ಏನು ಕಲಿತೆ’ ಅಂತ ಕೇಳಬಹುದು, ಅಲ್ವಾ?

– ಒಬ್ಬ ಓದುಗ, ಹುಬ್ಬಳ್ಳಿ